ಓದುಗರ ಪ್ರಶ್ನೆ, ನಮ್ಮ ಉತ್ತರ: ಚಳಿಗಾಲದ ಬೋನಿಗೆ ಯಾವ ಹಾಸು, ಯಾವ ಹೊದಿಕೆ?

ಇಲಿ, ಮೂಗಿಲಿಗಳಂಥ ಸಣ್ಣ ಸಸ್ತನಿಗಳನ್ನು ಜೀವಂತವಾಗಿ ಹಿಡಿದು, ಗುರುತು ಮಾಡಿ, ಮತ್ತೆ ಅಲ್ಲಿಯೇ ಬಿಟ್ಟು ಗಣತಿ ನಡೆಸುವ ವಿಧಾನವನ್ನು ಕಳೆದ ಸಂಚಿಕೆಯಲ್ಲಿ ವಿವರಿಸಿದ್ದೆ. ಅದರ ನಂತರ ಬಂದ ಪತ್ರಗಳಲ್ಲಿ ಬಹುಪಾಲು ಚಳಿಗಾಲದ ತೊಂದರೆಗಳನ್ನೇ ಕುರಿತಿವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇನೆ. ಕಾಡುಪ್ರಾಣಿಯನ್ನು ಹಿಡಿಯುವುದಕ್ಕೆ, ಅದು ಅಧ್ಯಯನಕ್ಕಾಗಿಯೇ ಆದರೂ, ಅನೇಕ ದೇಶಗಳಲ್ಲಿ ಸರ್ಕಾರದ ಅನುಮತಿ ಬೇಕಾಗುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಪ್ರಶ್ನೆ: ನಾನು ಪ್ರಾಣಿಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ಅಲ್ಯೂಮಿನಿಯಂ ತಗಡಿನ ಪೆಟ್ಟಿಗೆ ಬೋನುಗಳಲ್ಲಿ ಔಷಧದ ಅಂಗಡಿಯಿಂದ ತಂದ ಹತ್ತಿಯನ್ನು ಹಾಸಿ, ಸಾಕಷ್ಟು ಕಾಳು ಹಾಕಿ ರಾತ್ರಿ ಇಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಎರಡು ಇಲಿಗಳು ಸತ್ತಿದ್ದವು. ಹತ್ತಿ ಒದ್ದೆಯಾಗಿ ಮುದ್ದೆಗಟ್ಟಿತ್ತು. ಮಳೆಯೇನೂ ಬಂದಿರಲಿಲ್ಲ. ಹತ್ತಿಗಿಂತ ಬೆಚ್ಚಗಿನ ವಸ್ತು ಯಾವುದಿದೆ?

ಉತ್ತರ: ನಿಮ್ಮ ಪತ್ರದಲ್ಲಿಯೇ ಕಾರಣವಿದೆ. ಹತ್ತಿ ಒದ್ದೆಯಾಗಿತ್ತು ಎಂದು ನೀವು ಬರೆದಿದ್ದೀರಿ. ಔಷಧದ ಅಂಗಡಿಯ ಹತ್ತಿಯನ್ನು ತಯಾರಿಸುವುದೇ ನೀರು ಹೀರಲೆಂದು. ಹತ್ತಿಯ ಎಳೆಯ ಮೇಲೆ ಹುಟ್ಟಿನಿಂದಲೇ ಇರುವ ಮೇಣದ ತೆಳುವಾದ ಲೇಪವನ್ನು ಕಾರ್ಖಾನೆಯಲ್ಲಿ ತೊಳೆದು ತೆಗೆದಿರುತ್ತಾರೆ. ಆದ್ದರಿಂದ ಅದು ತನ್ನ ತೂಕದ 20 ಪಟ್ಟಿಗೂ ಹೆಚ್ಚು ನೀರನ್ನು ಹಿಡಿದಿಟ್ಟುಕೊಳ್ಳಬಲ್ಲದು. ಮಳೆ ಬರಲಿಲ್ಲವಾದರೂ ಬೋನಿನೊಳಗೆ ನೀರು ಬರುವ ದಾರಿಗಳು ಎರಡಿವೆ: ಒಂದು ಪ್ರಾಣಿಯ ಮೂತ್ರ, ಇನ್ನೊಂದು ಅದರ ಉಸಿರು. ಉಸಿರಿನ ಆವಿಯು ತಣ್ಣಗಿನ ತಗಡಿಗೆ ತಗುಲಿ ಹನಿಗಟ್ಟುತ್ತದೆ, ಹನಿಗಳು ಗೋಡೆಯಿಂದ ಇಳಿದು ಹಾಸನ್ನು ಸೇರುತ್ತವೆ. ಇಡೀ ರಾತ್ರಿ ಮುಚ್ಚಿದ ಪೆಟ್ಟಿಗೆಯಲ್ಲಿ ಹೀಗೆ ಕೂಡುವ ತೇವವನ್ನು ನಾವು ಯಾವಾಗಲೂ ಕಡಿಮೆ ಅಂದಾಜು ಮಾಡುತ್ತೇವೆ.

ಹಾಸು ಬೆಚ್ಚಗಿರುವುದು ಎಳೆಗಳಿಂದಲ್ಲ, ಎಳೆಗಳ ನಡುವೆ ಅಲುಗಾಡದೆ ನಿಂತಿರುವ ಗಾಳಿಯಿಂದ. ಆ ಗಾಳಿಯ ಜಾಗಕ್ಕೆ ನೀರು ಬಂದು ಕೂತರೆ, ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುವುದರಿಂದ, ಹಾಸಿಗೆಯೇ ಪ್ರಾಣಿಯ ಮೈಶಾಖವನ್ನು ಹೀರಿ ತಗಡಿಗೆ ಒಪ್ಪಿಸುವ ಸಾಧನವಾಗಿಬಿಡುತ್ತದೆ. ತಗಡಂತೂ ಅದನ್ನು ಹೊರಗಿನ ಚಳಿಗೆ ದಾಟಿಸಲು ಕಾದಿರುತ್ತದೆ. ಒದ್ದೆ ಹತ್ತಿಯ ಮೇಲೆ ಮಲಗಿದ ಇಲಿಯ ಸ್ಥಿತಿ ಬರಿಯ ತಗಡಿನ ಮೇಲೆ ಕೂತ ಇಲಿಗಿಂತ ಉತ್ತಮವೇನಲ್ಲ. ಹತ್ತಿಯ ಉದ್ದನೆಯ ಎಳೆಗಳು ಕಾಲ್ಬೆರಳುಗಳಿಗೆ ಸುತ್ತಿಕೊಂಡು ರಕ್ತ ಸಂಚಾರವನ್ನು ತಡೆಯುವ ಅಪಾಯವೂ ಇದೆ.

ಹಾಗಾದರೆ ಏನು ಹಾಕಬೇಕು? ನನ್ನ ಮೊದಲ ಆಯ್ಕೆ ಒಣಹುಲ್ಲು. ಅದರಲ್ಲಿಯೂ ಹಸಿರು ಬಣ್ಣ ಇನ್ನೂ ಸ್ವಲ್ಪ ಉಳಿದಿರುವಾಗ ಕೊಯ್ದು ಒಣಗಿಸಿದ, ಸಣ್ಣ ಎಲೆಗಳಿರುವ ಹುಲ್ಲು. ಧಾನ್ಯದ ಒಕ್ಕಣೆಯ ನಂತರ ಉಳಿಯುವ ಗಟ್ಟಿ ಕಾಂಡದ ಹುಲ್ಲು ನೋಡಲು ಒಂದೇ ರೀತಿ ಕಂಡರೂ ಗುಣ ಬೇರೆ. ಅದು ಬಿರುಸು, ಬಾಗುವುದಿಲ್ಲ, ಇಲಿ ಅದರಿಂದ ಗೂಡು ಕಟ್ಟಲಾರದೆ ಕಾಂಡಗಳ ನಡುವಿನ ಸಂದಿಯಲ್ಲಿ ನಡುಗುತ್ತ ಕೂರುತ್ತದೆ. ಮೆತ್ತನೆಯ ಹುಲ್ಲನ್ನಾದರೆ ಹಲ್ಲಿನಿಂದ ಸೀಳಿ, ತನ್ನ ಸುತ್ತ ಚೆಂಡಿನಂತೆ ಹೆಣೆದುಕೊಳ್ಳುತ್ತದೆ. ಹುಲ್ಲಿನ ಎಳೆಗಳು ಒದ್ದೆಯಾದರೂ ತಮ್ಮ ಬಿಗುವನ್ನು ಸುಲಭವಾಗಿ ಬಿಡುವುದಿಲ್ಲ; ನೀರು ಕೆಳಕ್ಕೆ ಇಳಿಯುತ್ತದೆ, ಮೇಲಿನ ಪದರ ಗಾಳಿಯನ್ನು ಉಳಿಸಿಕೊಳ್ಳುತ್ತದೆ. ಹತ್ತಿಗೂ ಹುಲ್ಲಿಗೂ ಇರುವ ಮುಖ್ಯ ವ್ಯತ್ಯಾಸ ಇದೇ. ಆಯ್ಕೆ ಮಾಡುವಾಗ ಒಂದು ಹಿಡಿ ಹುಲ್ಲನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿ ಬಿಡಿ: ಅದು ಮರಳಿ ಉಬ್ಬಬೇಕು. ನಂತರ ಅದನ್ನೇ ನೀರಿನಲ್ಲಿ ಅದ್ದಿ, ಕೊಡವಿ, ಇನ್ನೊಮ್ಮೆ ಹಿಂಡಿ ಬಿಡಿ. ಆಗಲೂ ಅರ್ಧದಷ್ಟಾದರೂ ಉಬ್ಬಿದರೆ ಆ ಹುಲ್ಲು ಕೆಲಸಕ್ಕೆ ಬರುತ್ತದೆ. ಮೂಗಿಗೆ ಹಿಡಿದು ನೋಡುವುದನ್ನು ಮರೆಯಬೇಡಿ. ಬೂಷ್ಟಿನ ವಾಸನೆ ಇದ್ದರೆ, ಬೆಲೆಯ ಯೋಚನೆ ಮಾಡದೆ ಎಸೆಯಿರಿ. ಬೂಷ್ಟಿನ ಬೀಜಕಣಗಳು ಇಲಿಯ ಶ್ವಾಸಕೋಶಕ್ಕೂ ಕೆಡುಕು, ದಿನಕ್ಕೆ ನೂರು ಬೋನುಗಳಿಗೆ ಹುಲ್ಲು ತುಂಬುವ ನಿಮ್ಮ ಶ್ವಾಸಕೋಶಕ್ಕೂ ಕೆಡುಕು.

ಕುರಿಯ ಉಣ್ಣೆಯ ವಿಷಯವನ್ನು ಇನ್ನೂ ಮೂವರು ಕೇಳಿದ್ದಾರೆ. ಉಣ್ಣೆಯ ಗುಣ ವಿಶೇಷವಾದುದು: ತನ್ನ ತೂಕದ ಮೂರನೇ ಒಂದು ಭಾಗದಷ್ಟು ಆವಿಯನ್ನು ಎಳೆಯೊಳಗೆ ಸೆಳೆದುಕೊಂಡರೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ, ಹೀಗೆ ಸೆಳೆದುಕೊಳ್ಳುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ. ಆದರೆ ಉದ್ದ ಎಳೆ ಕಾಲಿಗೆ ಸುತ್ತಿಕೊಳ್ಳುವ ಅಪಾಯ ಇಲ್ಲಿಯೂ ಇದೆ. ಆದ್ದರಿಂದ ಉಣ್ಣೆಯನ್ನೇ ಬಳಸಬೇಕೆಂದಿದ್ದರೆ ಎರಡು ಅಂಗುಲಕ್ಕಿಂತ ಉದ್ದವಿಲ್ಲದಂತೆ ಕತ್ತರಿಸಿ, ಹುಲ್ಲಿನ ನಡುವೆ ಬೆರಸಿ. ಬೂರುಗದ ಅರಳೆ ನೀರನ್ನು ಹತ್ತಿರ ಸೇರಿಸುವುದಿಲ್ಲ ಎಂಬುದು ನಿಜ, ಹಿಂದೆ ಜೀವರಕ್ಷಕ ಜಾಕೆಟ್ಟುಗಳಿಗೆ ಅದನ್ನೇ ತುಂಬುತ್ತಿದ್ದರು. ಆದರೆ ಅದರ ನವಿರಾದ ಎಳೆ ಹಾರಿ ಮೂಗು ಸೇರುತ್ತದೆ. ಸಣ್ಣ ಪೆಟ್ಟಿಗೆಗೆ ಅದು ನನಗೆ ಒಪ್ಪಿಗೆಯಿಲ್ಲ. ಇನ್ನು ಮರದ ಹೊಟ್ಟು: ಗರಗಸದ ಪುಡಿ ಬೇಡವೇ ಬೇಡ, ಅದು ತೇವ ಹೀರಿ ಹಿಟ್ಟಾಗುತ್ತದೆ. ಬಡಗಿಯ ಹತ್ತರಿಯಿಂದ ಬರುವ ಸುರುಳಿ ಹೊಟ್ಟನ್ನು ತಳಪದರವಾಗಿ ಹಾಕಬಹುದು, ಆದರೆ ದೇವದಾರುವಿನಂಥ ಸುವಾಸನೆಯ ಮರದ್ದಾಗಿರಬಾರದು. ಅಂಥ ಮೆದು ಮರಗಳ ಹೊಟ್ಟಿನ ಮೇಲೆ ಸಾಕಿದ ಇಲಿಗಳ ಯಕೃತ್ತಿನ ಕಿಣ್ವಗಳಲ್ಲಿ ಬದಲಾವಣೆಯಾಗುತ್ತದೆ ಎಂಬುದು 1967ರಷ್ಟು ಹಿಂದೆಯೇ ಪ್ರಕಟವಾದ ಸಂಗತಿ. ಒಂದು ರಾತ್ರಿಯಲ್ಲಿ ಅಷ್ಟೇನೂ ಆಗದಿರಬಹುದು. ಆದರೆ ಆ ತೀಕ್ಷ್ಣ ವಾಸನೆಗೆ ಪ್ರಾಣಿ ಬೋನಿನ ಬಳಿಗೇ ಬಾರದಿದ್ದರೆ ನಿಮ್ಮ ಗಣತಿ ಕೆಡುತ್ತದೆ.

ಕೊನೆಯದಾಗಿ, ನಿಮ್ಮ ಪ್ರದೇಶದಲ್ಲಿ ಮೂಗಿಲಿಗಳಿದ್ದರೆ ಹಾಸು ಎಷ್ಟೇ ಒಳ್ಳೆಯದಾದರೂ ಸಾಲದು. ಯುರೋಪಿನ ಸಾಮಾನ್ಯ ಮೂಗಿಲಿಯ ತೂಕ 5ರಿಂದ 14 ಗ್ರಾಂ. ಅಷ್ಟು ಸಣ್ಣ ಮೈಯಿಂದ ಶಾಖ ಸೋರುವ ವೇಗ ಎಷ್ಟೆಂದರೆ, ಅದು ದಿನಕ್ಕೆ ಹೆಚ್ಚು ಕಡಿಮೆ ತನ್ನ ಮೈತೂಕದಷ್ಟೇ ತಿನ್ನಬೇಕು, ಎರಡು ಮೂರು ಗಂಟೆಗೊಮ್ಮೆ ತಿನ್ನಬೇಕು. ಕಾಳು ಅದಕ್ಕೆ ಆಹಾರವಲ್ಲ. ಹುಳುಗಳನ್ನೋ ನೊಣದ ಕೋಶಗಳನ್ನೋ (ಹುಳು ನೊಣವಾಗುವ ಮೊದಲಿನ ಹಂತ) ಇಡಬೇಕು ಮತ್ತು ಬೋನನ್ನು ರಾತ್ರಿಯಲ್ಲಿಯೂ ಪರೀಕ್ಷಿಸಬೇಕು.

ಪ್ರಶ್ನೆ: ಹುಲ್ಲನ್ನು ಎಷ್ಟು ತುಂಬಬೇಕು? ತುಂಬ ಹಾಕಿದರೆ ಬಾಗಿಲು ಮುಚ್ಚುವುದಿಲ್ಲ, ಕಡಿಮೆಯಾದರೆ ಪ್ರಾಣಿಗೆ ಚಳಿ.

ಉತ್ತರ: ಈ ಪಾಠವನ್ನು ನಾನು ನಾಚಿಕೆಪಟ್ಟು ಕಲಿತೆ. ಕೆಲಸ ಆರಂಭಿಸಿದ ವರ್ಷ, ಪ್ರಾಣಿಗಳ ಮೇಲಿನ ಕನಿಕರದಿಂದ ಪೆಟ್ಟಿಗೆಗಳನ್ನು ದಿಂಬಿನಂತೆ ಗಿಡಿದಿದ್ದೆ. ಬೆಳಿಗ್ಗೆ ಕಾಳೆಲ್ಲ ಖಾಲಿ, ಇಲಿ ಒಂದೂ ಇಲ್ಲ. ಪ್ರಾಣಿ ಮೆಟ್ಟಿದೊಡನೆ ಬಾಗಿಲನ್ನು ಬೀಳಿಸುವ ಮೆಟ್ಟುಹಲಗೆಯ ಕೆಳಗೆ ಹುಲ್ಲು ಸೇರಿ ಅದನ್ನು ಇಳಿಯಲು ಬಿಟ್ಟಿರಲಿಲ್ಲ. ಒಂದೇ ಕೋಣೆಯ, ಮಡಚುವ ಪೆಟ್ಟಿಗೆಯಾದರೆ ಹುಲ್ಲನ್ನು ಹಿಂಗೋಡೆಗೆ ಒತ್ತಿ, ಮೆಟ್ಟುಹಲಗೆಯ ಆಚೆಗಷ್ಟೇ ಇಡಿ. ತುಂಬಿದ ಮೇಲೆ ಬೆರಳಿನಿಂದ ಹಲಗೆಯನ್ನು ಮೆಲ್ಲಗೆ ಮುಟ್ಟಿ ಬಾಗಿಲು ಬೀಳುವುದೇ ಎಂದು ಪ್ರತಿ ಬೋನಿನಲ್ಲಿಯೂ ನೋಡಿ. ಆಕ್ಸ್‌ಫರ್ಡಿನಲ್ಲಿ ಸಂಶೋಧಕರಾದ ಚಿಟ್ಟಿ ಮತ್ತು ಕೆಂಪ್ಸನ್ ರೂಪಿಸಿ 1949ರಲ್ಲಿ ಪ್ರಕಟಿಸಿದ ಲಾಂಗ್‌ವರ್ತ್ ಬೋನು ಈ ತೊಂದರೆಯನ್ನು ಚೆನ್ನಾಗಿ ಬಿಡಿಸಿದೆ. ಅದರಲ್ಲಿ ಬಾಗಿಲಿರುವ ಸುರಂಗ ಬೇರೆ, ಗೂಡುಪೆಟ್ಟಿಗೆ ಬೇರೆ. ಗೂಡುಪೆಟ್ಟಿಗೆಯನ್ನು ಧಾರಾಳವಾಗಿ ತುಂಬಬಹುದು. ಆದರೂ ಸುರಂಗ ಕೂಡುವ ಬಾಯಿಯ ಬಳಿ ಎರಡು ಬೆರಳಿನಷ್ಟು ಜಾಗ ಬಿಡಿ, ಇಲ್ಲದಿದ್ದರೆ ಪ್ರಾಣಿ ಎಳೆದ ಹುಲ್ಲು ಸುರಂಗಕ್ಕೆ ಬಂದು ಕೀಲಿಗೆ ಸಿಕ್ಕಿಕೊಳ್ಳುತ್ತದೆ. ಯಾವ ಬೋನೇ ಆಗಲಿ, ಬಾಗಿಲಿನ ಕಡೆ ಒಂದಿಷ್ಟು ತಗ್ಗಿರುವಂತೆ ಓರೆಯಾಗಿ ಇಟ್ಟರೆ ಮೂತ್ರವೂ ಹನಿಗಳೂ ಹೊರಕ್ಕೆ ಹರಿಯುತ್ತವೆ.

ಪ್ರಶ್ನೆ: ಬೋನನ್ನು ಹೊರಗಿನಿಂದ ಮುಚ್ಚಲು ತರಗೆಲೆ, ಹಾವಸೆ, ಹುಲ್ಲು, ಹಿಮ ಇವುಗಳಲ್ಲಿ ಯಾವುದು ಒಳ್ಳೆಯದು? ಪ್ಲಾಸ್ಟಿಕ್ ಹಾಳೆಯನ್ನು ಸುತ್ತಿದರೆ ಸಾಲದೇ?

ಉತ್ತರ: ಹೊರಹೊದಿಕೆಯನ್ನು ಬಹಳ ಜನ ಮರೆಮಾಚುವ ಉಪಾಯವೆಂದಷ್ಟೇ ತಿಳಿದಿದ್ದಾರೆ. ಮರೆಮಾಚುವುದು ಅದರ ಚಿಕ್ಕ ಕೆಲಸ. ದೊಡ್ಡ ಕೆಲಸವೆಂದರೆ ತಗಡಿನ ಗೋಡೆಯನ್ನು ಬೆಚ್ಚಗಿಡುವುದು. ಗೋಡೆ ಬೆಚ್ಚಗಿದ್ದರೆ ಉಸಿರಿನ ಆವಿ ಅದರ ಮೇಲೆ ಹನಿಗಟ್ಟುವುದು ಕಡಿಮೆಯಾಗುತ್ತದೆ, ಆ ಮೂಲಕ ಒಳಗಿನ ಹಾಸು ಒಣಗಿರುತ್ತದೆ. ಪ್ಲಾಸ್ಟಿಕ್ಕನ್ನು ಸುತ್ತಿದಾಗ ಆಗುವುದು ಇದಕ್ಕೆ ತಿರುಗುಮುರುಗು: ಹೊರಗಿನ ನೀರು ಬಾರದು ನಿಜ, ಒಳಗಿನ ಆವಿಯೂ ಹೋಗದು. ಮಳೆಯೋ ಕರಗುವ ಹಿಮವೋ ಬೀಳುವ ಲಕ್ಷಣವಿದ್ದರೆ ಒಂದು ಮರದ ತೊಗಟೆಯ ಚಕ್ಕೆಯನ್ನೋ ಹಲಗೆಯ ತುಂಡನ್ನೋ ಮಾಡಿನಂತೆ ಓರೆಯಾಗಿ ಮೇಲಿಡಿ, ಬದಿಗಳು ತೆರೆದಿರಲಿ.

ತರಗೆಲೆಯ ವಿಷಯದಲ್ಲಿ ಎಲ್ಲ ಎಲೆಯೂ ಒಂದೇ ಅಲ್ಲ. ಒಣಗುವಾಗ ಸುರುಳಿಯಾಗಿ ಮುದುಡುವ, ದಪ್ಪ ನರದ, ತೊಗಲಿನಂಥ ಎಲೆಗಳು ಒಂದರ ಮೇಲೊಂದು ಬಿದ್ದರೂ ನಡುವೆ ಗಾಳಿಯನ್ನು ಉಳಿಸುತ್ತವೆ. ತೆಳುವಾದ ಅಗಲ ಎಲೆಗಳು ಮೊದಲ ತೇವಕ್ಕೇ ಹಾಳೆಗಳಂತೆ ಅಂಟಿಕೊಂಡು, ರಾತ್ರಿಯ ಚಳಿಗೆ ಒಂದೇ ಹಲಗೆಯಾಗಿ ಹೆಪ್ಪುಗಟ್ಟುತ್ತವೆ; ಆ ಹಲಗೆ ಬಾಗಿಲಿಗೆ ಅಂಟಿದರೆ ಬೋನು ನಿಷ್ಪ್ರಯೋಜಕ. ಎಲೆಯನ್ನು ನೆಲದ ಮೇಲ್ಪದರದಿಂದ ತೆಗೆದುಕೊಳ್ಳಿ, ಕೆಳಗಿನ ಕಪ್ಪು ಪದರವನ್ನು ಮುಟ್ಟಬೇಡಿ. ಸೂಜಿ ಎಲೆಯ ಮರಗಳಿರುವಲ್ಲಿ ಅವುಗಳ ಉದುರಿದ ಸೂಜಿಗಳು ಅತ್ಯುತ್ತಮ: ಮೇಣದ ಮೈಯಿಂದಾಗಿ ನೀರು ನಿಲ್ಲದೆ ಜಾರುತ್ತದೆ, ಒಂದಕ್ಕೊಂದು ಅಂಟುವುದಿಲ್ಲ, ಗಾಳಿಗೂ ಸುಲಭವಾಗಿ ಹಾರುವುದಿಲ್ಲ. ಹಾವಸೆ ಚಳಿಗಾಲದಲ್ಲಿ ಬಹುಪಾಲು ತೇವವಾಗಿಯೇ ಸಿಗುತ್ತದೆ, ಆದ್ದರಿಂದ ತಿಂಗಳುಗಟ್ಟಲೆ ಮೊದಲೇ ಒಣಗಿಸಿಡದ ಹೊರತು ಪ್ರಯೋಜನವಿಲ್ಲ. ಅದು ಮತ್ತೆ ಬೆಳೆಯಲು ವರ್ಷಗಳೇ ಬೇಕಾಗುವುದರಿಂದ ಬಂಡೆಗಳಿಂದ ಕಿತ್ತು ತರುವುದನ್ನು ನಾನು ಯಾರಿಗೂ ಹೇಳುವುದಿಲ್ಲ.

ಹಿಮದ ಬಗ್ಗೆ ಇರುವ ಭಯ ಅರ್ಧ ತಪ್ಪು. ಆಗ ತಾನೇ ಬಿದ್ದ ಹಗುರ ಹಿಮದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಗಾಳಿಯೇ ಇರುತ್ತದೆ. 20 ಸೆಂಟಿಮೀಟರ್ ದಪ್ಪದ ಹಿಮದ ಕೆಳಗೆ, ಮೇಲೆ ಎಷ್ಟೇ ಕೊರೆದರೂ, ನೆಲದ ಉಷ್ಣತೆ ಸೊನ್ನೆಯ ಆಸುಪಾಸಿನಲ್ಲಿಯೇ ಉಳಿಯುತ್ತದೆ. ಇಲಿ, ವೋಲ್ (ಗಿಡ್ಡ ಬಾಲದ, ಇಲಿಯಂಥ ಪ್ರಾಣಿ), ಮೂಗಿಲಿಗಳು ಚಳಿಗಾಲವನ್ನು ಕಳೆಯುವುದೇ ನೆಲಕ್ಕೂ ಹಿಮಕ್ಕೂ ನಡುವಿನ ಸಂದಿಯಲ್ಲಿ. ಬೋನನ್ನು ಹಿಮದ ಮೇಲಿಡುವುದಕ್ಕಿಂತ, ನೆಲದವರೆಗೆ ತೋಡಿ, ಅಲ್ಲಿಟ್ಟು, ಮೇಲೆ ಹಲಗೆಯ ಮಾಡು ಮಾಡಿ, ಮತ್ತೆ ಸಡಿಲ ಹಿಮವನ್ನು ಸುರಿಯುವುದು ಪ್ರಾಣಿಗೂ ಕ್ಷೇಮ, ಹಿಡಿಯುವುದಕ್ಕೂ ಅನುಕೂಲ. ತೊಂದರೆ ಬರುವುದು ಹಗಲು ಕರಗಿ ರಾತ್ರಿ ಗಟ್ಟಿಯಾಗುವ ದಿನಗಳಲ್ಲಿ. ಅಂಥ ವಾರದಲ್ಲಿ ಬೋನು ಇಡದಿರುವುದೇ ಲೇಸು. ಸಂಶೋಧನೆಯ ವೇಳಾಪಟ್ಟಿ ಅದಕ್ಕೆ ಹೊಂದಿಕೊಳ್ಳಲಿ.

ಪ್ರಶ್ನೆ: ಚಳಿ ದೇಶಗಳಲ್ಲಿ ನರಿಗಳಿಗೆ, ಕಯೋಟಿಗಳಿಗೆ (ಉತ್ತರ ಅಮೆರಿಕದ, ತೋಳದಂಥ ಪ್ರಾಣಿ) ಇಡುವ, ಕಾಲು ಹಿಡಿಯುವ ಕಬ್ಬಿಣದ ಬೋನಿನ ವಿಡಿಯೊಗಳನ್ನು ನೋಡಿದೆ. ಅವರು ಬೇಸಗೆಯಲ್ಲಿಯೇ ಒಣಮಣ್ಣನ್ನು ಕೂಡಿಟ್ಟು, ಜರಡಿ ಹಿಡಿದು, ಮೇಣ ಬೆರಸುತ್ತಾರೆ. ಕೆಲವರು ಪೀಟ್ ಮಾಸ್ ಹಾಕುತ್ತಾರೆ. ನೆಲದಲ್ಲಿಯೇ ಮಣ್ಣಿರುವಾಗ ಇಷ್ಟೆಲ್ಲ ಏಕೆ? ಉಪ್ಪು ಹಾಕಿದರೆ ಮುಗಿಯಿತಲ್ಲವೇ?

ಉತ್ತರ: ಈ ಬಗೆಯ ಬೋನಿನ ಬಗ್ಗೆ ನನಗೆ ಒಲವಿಲ್ಲ. ಐರೋಪ್ಯ ಒಕ್ಕೂಟವು 1991ರ ನಿಯಮದ ಮೂಲಕ ತನ್ನ ದೇಶಗಳಲ್ಲಿ ಇದರ ಬಳಕೆಯನ್ನು 1995ರ ಆರಂಭದಿಂದ ನಿಷೇಧಿಸಿದೆ. ಉತ್ತರ ಅಮೆರಿಕದ ಅನೇಕ ಕಡೆ ಪರವಾನಗಿಯೊಂದಿಗೆ ಇನ್ನೂ ಬಳಕೆಯಲ್ಲಿದೆ. ಆದರೆ ನಿಮ್ಮ ಪ್ರಶ್ನೆ ಮಣ್ಣಿನ ಬಗ್ಗೆ, ಅದು ಒಳ್ಳೆಯ ಪ್ರಶ್ನೆ.

ಆ ಬೋನನ್ನು ನೆಲದಲ್ಲಿ ಒಂದು ಸಣ್ಣ ಗುಂಡಿ ತೋಡಿ, ಸುತ್ತಲೂ ಕೆಳಗೂ ಮಣ್ಣನ್ನು ಗಿಡಿದು, ಎಲ್ಲಿ ಒತ್ತಿದರೂ ಅಲುಗದಂತೆ ಕೂರಿಸುತ್ತಾರೆ. ಅಲುಗಿದರೆ ನರಿಯ ಪಾದಕ್ಕೆ ಕೂಡಲೇ ಗೊತ್ತಾಗುತ್ತದೆ. ನಂತರ ಒಂದು ಸೆಂಟಿಮೀಟರಿಗೂ ಕಡಿಮೆ ದಪ್ಪದ ಸಡಿಲ ಪದರವನ್ನು ಮೇಲೆ ಉದುರಿಸುತ್ತಾರೆ. ಮಣ್ಣಿನ ಕಣಗಳ ನಡುವಿನ ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡ 9ರಷ್ಟು ಹಿಗ್ಗಿ, ಕಣಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಆಗ ಮೆಟ್ಟುತಟ್ಟೆ ಇಳಿಯುವುದಿಲ್ಲ. ಇಳಿದರೂ ದವಡೆಗಳು ಮೇಲಿನ ಹೆಂಟೆಯನ್ನು ಎತ್ತಿಕೊಂಡು ನಿಧಾನವಾಗಿ ಏಳುತ್ತವೆ. ಹೀಗೆ ತಡವಾದಾಗ ಪಾದದ ಬದಲು ಬೆರಳ ತುದಿಯಷ್ಟೇ ಸಿಕ್ಕಿ ಪ್ರಾಣಿಗೆ ಹೆಚ್ಚು ಗಾಯವಾಗುತ್ತದೆ. ಜೇಡಿಮಣ್ಣಿನ ಕಣಗಳು ಬಹಳ ಸಣ್ಣವು, ಅವು ನೀರನ್ನು ಬಿಟ್ಟುಕೊಡುವುದಿಲ್ಲ, ಆದ್ದರಿಂದ ಹೆಪ್ಪುಗಟ್ಟಿದಾಗ ಇಟ್ಟಿಗೆಯಂತಾಗುತ್ತದೆ. ಮರಳಿನಿಂದ ನೀರು ಇಳಿದುಹೋಗುತ್ತದೆ. ಗೋಡುಮಣ್ಣು (ಕಣಗಳು ಮರಳಿಗಿಂತ ಸಣ್ಣ, ಜೇಡಿಗಿಂತ ದೊಡ್ಡ) ಇವೆರಡಕ್ಕಿಂತ ಮೋಸದ್ದು: ಕೆಳಗಿನ ನೀರನ್ನು ಮೇಲಕ್ಕೆ ಸೆಳೆದು ಪದರಪದರವಾಗಿ ಮಂಜುಗಡ್ಡೆ ಬೆಳೆಸಿ, ಇಟ್ಟ ಬೋನನ್ನೇ ಮೇಲಕ್ಕೆ ನೂಕುತ್ತದೆ. ಬೇಸಗೆಯಲ್ಲಿ ಕೂಡಿಟ್ಟ ಮಣ್ಣಿನಲ್ಲಿ ಹೆಪ್ಪುಗಟ್ಟಲು ನೀರೇ ಇರುವುದಿಲ್ಲ, ಅದರ ಬೆಲೆ ಅಷ್ಟೇ. ಮೇಣವನ್ನು ಕರಗಿಸಿ ಬೆರಸಿದರೆ ಕಣಕಣಕ್ಕೂ ತೆಳುವಾದ ಕೊಡೆ ಹಿಡಿದಂತಾಗಿ ಹೊಸ ನೀರೂ ಒಳಸೇರುವುದಿಲ್ಲ. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕೆ ತನ್ನದೇ ಪರಿಮಳವಿರುವುದರಿಂದ ಹೆಚ್ಚಿನವರು ವಾಸನೆಯಿಲ್ಲದ ಪ್ಯಾರಾಫಿನ್ ಮೇಣವನ್ನೇ ಬಳಸುತ್ತಾರೆ.

ಪೀಟ್ ಮಾಸ್ ಎಂದರೆ ಜೌಗಿನಲ್ಲಿ ಬೆಳೆದು ಶೇಖರವಾದ ಸ್ಫ್ಯಾಗ್ನಮ್ ಹಾವಸೆ. ಪೂರ್ತಿ ಒಣಗಿದ್ದಾಗ ಅದು ಹಗುರ, ಸಡಿಲ, ಕೊರೆವ ಚಳಿಯಲ್ಲಿಯೂ ಗಟ್ಟಿಯಾಗುವುದಿಲ್ಲ. ಆದರೆ ಅದೂ ತನ್ನ ತೂಕದ 20 ಪಟ್ಟಿನಷ್ಟು ನೀರು ಹಿಡಿಯಬಲ್ಲ ವಸ್ತು. ಮೊದಲ ಮಹಾಯುದ್ಧದಲ್ಲಿ ಹತ್ತಿಯ ಕೊರತೆಯಾದಾಗ ಗಾಯಗಳಿಗೆ ಕಟ್ಟಲು ಇದನ್ನೇ ಬಳಸಿದ್ದು ಈ ಗುಣಕ್ಕಾಗಿ. ಹೀಗಾಗಿ ಒಣ ಚಳಿಗೆ ಅದು ಸರಿ, ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟುವ ಹವೆಗೆ ಸರಿಯಲ್ಲ. ಗಾಳಿಗೆ ಹಾರುತ್ತದೆ, ಕಪ್ಪು ಮಚ್ಚೆಯಂತೆ ಕಾಣುತ್ತದೆ. ಆದ್ದರಿಂದ ಅದರ ಮೇಲೆ ಸುತ್ತಲಿನ ಮಣ್ಣನ್ನೋ ಎಲೆಪುಡಿಯನ್ನೋ ಉದುರಿಸುತ್ತಾರೆ. ಬಕ್‌ವೀಟ್ ಎಂಬ ಕಾಳಿನ ಸಿಪ್ಪೆ, ಧಾನ್ಯದ ಹೊಟ್ಟು ಮುಂತಾದವೂ ಬಳಕೆಯಲ್ಲಿವೆ. ಅವು ಬೇಗ ಹೆಪ್ಪುಗಟ್ಟುವುದಿಲ್ಲವಾದರೂ ಅವುಗಳಲ್ಲಿ ಉಳಿದ ಕಾಳಿಗಾಗಿ ಇಲಿ, ಹಕ್ಕಿಗಳು ಬಂದು ಕೆದಕುತ್ತವೆ, ಮತ್ತು ಅನಗತ್ಯ ಜೀವಗಳು ಬೋನಿಗೆ ಬೀಳುತ್ತವೆ.

ಉಪ್ಪಿನ ವಿಷಯ: ಅಡುಗೆ ಉಪ್ಪಿನ ಗಾಢ ದ್ರಾವಣ ಸುಮಾರು ಮೈನಸ್ 21 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ, ಆದ್ದರಿಂದ ಅದು ಕೆಲಸ ಮಾಡುತ್ತದೆ. ಅದರ ಜೊತೆಗೆ ಕಬ್ಬಿಣವನ್ನು ತಿನ್ನುತ್ತದೆ, ನೆಕ್ಕಲು ಬೇರೆ ಪ್ರಾಣಿಗಳನ್ನು ಕರೆಯುತ್ತದೆ, ಗಾಯವಾದ ಪಾದವನ್ನು ಉರಿಸುತ್ತದೆ, ಆ ಜಾಗದ ಸಸಿಗಳನ್ನು ಸಾಯಿಸುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ಇನ್ನೂ ಕೆಳಗಿನ ಉಷ್ಣತೆಯವರೆಗೆ ತಡೆಯುತ್ತದೆ, ಆದರೆ ಗಾಳಿಯಿಂದಲೇ ನೀರನ್ನು ಸೆಳೆದು ಕೆಸರಾಗುತ್ತದೆ. ನೀರನ್ನು ದೂರವಿಡುವ ಬದಲು ನೀರಿನೊಡನೆ ಒಪ್ಪಂದ ಮಾಡಿಕೊಳ್ಳುವ ಉಪಾಯ ಅದು, ನನಗೆ ಸರಿತೋರದು.

ನಿಮ್ಮಲ್ಲಿ ಯಾವ ಹೊದಿಕೆ ವಸ್ತು ಸಿಗುತ್ತದೆಯೋ ಅದನ್ನು ಪರೀಕ್ಷಿಸಲು ಬೋನೇ ಬೇಕಿಲ್ಲ. ಒಂದು ಬಟ್ಟಲಿಗೆ ತುಂಬಿ, ಮೇಲೆ ಎರಡು ಚಮಚ ನೀರು ಚಿಮುಕಿಸಿ, ರಾತ್ರಿಯಿಡೀ ಫ್ರೀಜರಿನಲ್ಲಿಡಿ. ಬೆಳಿಗ್ಗೆ ಒಂದು ಬೆರಳಿನಿಂದ ಒತ್ತಿ ಪುಡಿಯಾದರೆ ಅದು ಚಳಿಗಾಲದ ವಸ್ತು. ಪೆಟ್ಟಿಗೆ ಬೋನಿನ ಬಾಗಿಲ ಬಳಿ ಉದುರಿಸುವ ಮಣ್ಣಿಗೂ ಇದೇ ಪರೀಕ್ಷೆ ಸಾಕು.

ಪ್ರಶ್ನೆ: ಒಮ್ಮೆ ಬಳಸಿದ ಹುಲ್ಲನ್ನು ಬಿಸಿಲಿಗೆ ಒಣಗಿಸಿ ಮತ್ತೆ ಹಾಕಬಹುದೇ?

ಉತ್ತರ: ಬೇಡ. ಇಲಿಗಳ ಮೂತ್ರ, ಹಿಕ್ಕೆಗಳು ಒಣಗಿ ಧೂಳಾದಾಗ, ಆ ಧೂಳನ್ನು ಉಸಿರಾಡುವುದರಿಂದ ಹಂಟಾವೈರಸ್‌ನಂಥ ರೋಗಗಳು ಮನುಷ್ಯರಿಗೆ ಹರಡುತ್ತವೆ. ಬಳಸಿದ ಹಾಸನ್ನು ಒಣಗುವ ಮೊದಲೇ, ಸೋಂಕುನಿವಾರಕ ಸಿಂಪಡಿಸಿ, ಕೈಗವಸು ಹಾಕಿಕೊಂಡು ಚೀಲಕ್ಕೆ ಸೇರಿಸಿ. ಪೆಟ್ಟಿಗೆಯನ್ನು ಗುಡಿಸಬೇಡಿ, ತೊಳೆಯಿರಿ, ತೊಳೆದ ಮೇಲೆ ಪೂರ್ತಿ ಒಣಗಿಸಿ. ಮೂಲೆಯಲ್ಲಿ ಉಳಿದ ನೀರಿನ ಮೇಲೆ ಹೊಸ ಹುಲ್ಲು ಹಾಸಿದರೆ ಅದು ಹಳೆಯದಕ್ಕಿಂತ ಕಡೆ.

ಪ್ರಶ್ನೆ: ಬೀದಿ ಬೆಕ್ಕುಗಳನ್ನು ಸಂತಾನಹರಣ ಚಿಕಿತ್ಸೆಗಾಗಿ ಹಿಡಿಯುವ ತಂತಿಯ ಬೋನಿಗೂ ಹುಲ್ಲು ಹಾಸಬೇಕೇ?

ಉತ್ತರ: ಬೆಕ್ಕಿನ ಮೈ ದೊಡ್ಡದು, ತುಪ್ಪಳವಿದೆ, ಬೋನಿನಲ್ಲಿ ಅದು ಇರುವುದು ಸ್ವಲ್ಪ ಹೊತ್ತು. ಹುಲ್ಲು ಅಲ್ಲಿ ಮೆಟ್ಟುಹಲಗೆಗೆ ಸಿಕ್ಕಿ ಕೆಡಿಸುವುದೇ ಹೆಚ್ಚು. ತಂತಿಯ ತಳಕ್ಕೆ ಕಾಲಿಡಲು ಹೆದರದಂತೆ ದಪ್ಪ ಕಾಗದ ಹಾಸಿ, ಗಾಳಿಗೆ ಹಾರದಂತೆ ಅಂಚುಗಳನ್ನು ಮಡಚಿ ಸಿಕ್ಕಿಸಿ. ಬಾಗಿಲು ಬಿದ್ದ ಕೂಡಲೇ ಇಡೀ ಬೋನಿನ ಮೇಲೆ ದಪ್ಪ ಬಟ್ಟೆಯೊಂದನ್ನು ಹೊದಿಸಿ. ಕತ್ತಲಾದೊಡನೆ ಬೆಕ್ಕು ತಂತಿಗೆ ಮೂತಿ ಬಡಿಯುವುದನ್ನು ಸಾಮಾನ್ಯವಾಗಿ ನಿಲ್ಲಿಸುತ್ತದೆ, ಬಟ್ಟೆ ಚಳಿಗಾಳಿಯನ್ನೂ ತಡೆಯುತ್ತದೆ. ಬಟ್ಟೆ ಒದ್ದೆಯಾಗಿರದಂತೆ ಮಾತ್ರ ನೋಡಿಕೊಳ್ಳಿ.